ಜಾಮಿಟ್ರಿ ಬಾಕ್ಸು

ಜಪಾನಿನ ಹೈಸ್ಕೂಲು ಹುಡುಗರನ್ನು ತೋರಿಸಿದ್ದು ನಾನೇ,
ಬಾಣಾವರದಲ್ಲಿ, ಗಾಜು ಒಡೆದ ನನ್ನ ಫೋನಿನಲ್ಲಿ.
ನುಣ್ಣಗೆ ತಲೆ ಬೋಳಿಸಿಕೊಂಡವರು. ಬೇಸ್‌ಬಾಲು. ಸೋತಿದ್ದಾರೆ.
ಮಂಡಿಯೂರಿ, ಮೂಗು ಒರೆಸಿಕೊಳ್ಳುತ್ತಾ, ಮೈದಾನದ ಮಣ್ಣನ್ನು
ಬೊಗಸೆಯಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದಾರೆ.
'ಅದನ್ನ ಏನ್ ಮಾಡ್ತಾರೆ ಸಾರ್?' ಅಂದಳು ಮುಬೀನ.
ಗೊತ್ತಿರಲಿಲ್ಲ. 'ಪ್ರಾಕ್ಟೀಸಿಗೆ ನಡೀರಿ' ಅಂದೆ.

ನಮ್ಮದು ಸಾಫ್ಟ್‌ಬಾಲು,
ಮೈಸೂರಿನ ಎರಡು ದಿನದ ತರಬೇತಿಯಲ್ಲಿ ನನಗೆ ದಕ್ಕಿದಷ್ಟು.
ಒಂಬತ್ತು ಹುಡುಗಿಯರು, ಐದು ಗ್ಲೌಸು.
ಬೇಸಿಗೆ ಗೊಬ್ಬರದ ಚೀಲ, ಒಳಗೆ ತೆಂಗಿನ ನಾರು,
ಬಿಸಿಯೂಟದ ಪುಟ್ಟಗೌರಮ್ಮ ಹೊಲಿದುಕೊಟ್ಟದ್ದು.
ಬಾಲು ರೈಲ್ವೆ ಬೇಲಿ ಹಾರಿದರೆ
ಗೂಡ್ಸು ಗಾಡಿ ಪೂರಾ ಹೋಗುವ ತನಕ ಆಟ ಇಲ್ಲ.
ಐವತ್ತೆಂಟು ಡಬ್ಬಿ. ಒಮ್ಮೊಮ್ಮೆ ಐವತ್ತೊಂಬತ್ತು.

ಹಾಸನದ ಸ್ಟೇಡಿಯಮ್ಮಿನಲ್ಲಿ ಜಿಲ್ಲಾ ಮಟ್ಟ.
ಎದುರಿಗೆ ಹೊಳೆನರಸೀಪುರ. ಅವರಿಗೂ ಗ್ಲೌಸು ಸಾಲದು.
ಸರದಿ ಬದಲಾದಾಗೆಲ್ಲ
ಇವರು ಬಿಚ್ಚಿ ನೆಲಕ್ಕಿಟ್ಟಿದ್ದನ್ನು ಅವರು ತೊಟ್ಟರು,
ಅವರದ್ದನ್ನು ಇವರು.
'ಆ ಕಡೆ ಪಿಚ್ಚರಿಗೂ ಕೈ ಬೆವರ್ತಾ ಇದೆ ಸಾರ್,
ಒಳಗೆಲ್ಲ ಒದ್ದೆ'
ಗುಟ್ಟು ಕದ್ದು ತಂದವಳ ಹಾಗೆ ಪಿಸುಗುಟ್ಟಿದಳು ಮುಬೀನ.

ಕೊನೆಯ ಸರದಿ. ಒಂದು ರನ್ನು ಹಿಂದೆ. ಇಬ್ಬರು ಔಟು.
ಮೊದಲ ಬೇಸಿನಲ್ಲಿ ಇವಳು, ಕಣ್ಣು ನನ್ನ ಮೇಲೆ.
ನಿಲ್ಲು ಅಂದೆ, ಎರಡೂ ಕೈ ಎತ್ತಿ.
ಹೆಡ್‌ಮಾಸ್ಟರಿಗೆ ಬರೆದುಕೊಟ್ಟ ವರದಿಯಲ್ಲೂ ಹಾಗೇ ಇದೆ.
ಓಡಿದಳು. ಜಾರಿದಳು. ಕೆಂಪು ಧೂಳು,
ಧೂಳಿನೊಳಗಿಂದ ಅಂಪೈರಿನ ಮುಷ್ಟಿ.

ಲೇಸು ಕಟ್ಟಿಕೊಳ್ಳಲು ಕೂತವಳು ಬಹಳ ಹೊತ್ತು ಏಳಲಿಲ್ಲ.
ಬಸ್ಸಿನಲ್ಲಿ ಮಾತಿಲ್ಲ. ದುದ್ದ ದಾಟಿದ ಮೇಲೆ
ಯಾರೋ ಚಕ್ಕುಲಿ ಪೊಟ್ಟಣ ಬಿಚ್ಚಿದ ಸದ್ದು.

ಮಾರ್ಚಿ. ಗಣಿತದ ಪರೀಕ್ಷೆ. ಗೇಟಿನಲ್ಲಿ ನನ್ನ ಡ್ಯೂಟಿ.
ಅರಸೀಕೆರೆಯಿಂದ ಬಂದ ಮೇಡಂ
ಚೀಟಿ ಹುಡುಕುತ್ತಾ ಒಂದೊಂದೇ ಬಾಕ್ಸು ತೆಗೆಸುತ್ತಿದ್ದರು.
ಮುಬೀನಳದ್ದರಲ್ಲಿ ಕೈವಾರ, ಕೋನಮಾಪಕ, ಮೊಂಡು ಪೆನ್ಸಿಲ್ಲು,
ಅಡಿಯಲ್ಲಿ, ಮಾತ್ರೆಯ ಕವರಿನೊಳಗೆ, ಮಣ್ಣು.
'ಏನಮ್ಮಾ ಇದು?'
'ಎರಡನೇ ಬೇಸು, ಮೇಡಂ.'

ಮೇಡಂ ಕವರನ್ನು ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು,
ಆಮೇಲೆ ನನ್ನ ಕಡೆ ತಿರುಗಿದರು:
'ಇವಳು ನಿಮ್ಮ ಸ್ಟೂಡೆಂಟಾ?'

'ಓಡು ಅಂದಿದ್ದು ನಾನು' ಅಂದುಬಿಟ್ಟೆ.

ಅವರು ಕೇಳಿದ್ದು ಅದನ್ನಲ್ಲ.