ಷರಾ

ಮೇಡಂ, ಚಾರ್ಜ್ ಪಟ್ಟಿ ಇಲ್ಲಿದೆ, ಎಣಿಸಿಕೊಳ್ಳಿ.
ಬೆಂಚು ಅರುವತ್ತೆರಡು, ಮೂರಕ್ಕೆ ಕಾಲಿಲ್ಲ.
ಕಂಚಿನ ಗಂಟೆ ಒಂದು. ಧ್ವಜ ಎರಡು.
ಅಕ್ಕಿ ಮೂಟೆ ಹನ್ನೊಂದು, ಒಂದನ್ನು ಇಲಿ ನೋಡಿದೆ.
ಸ್ಮಾರ್ಟ್ ಕ್ಲಾಸ್ ಪರದೆ ಒಂದು,
ಕರೆಂಟ್ ಇದ್ದ ದಿನ ಸ್ಮಾರ್ಟ್.
ಗ್ರಂಥಾಲಯ: ಪುಸ್ತಕ ಸಾವಿರದ ನಾನೂರ ಆರು.
ಆ ಸಾಲಿನೆದುರು ಷರಾ ಕಾಲಂ ಖಾಲಿ ಬಿಟ್ಟಿದ್ದೇನೆ.
ಬರೆಯಬೇಕಾದ್ದು ಅಲ್ಲಿ ಹಿಡಿಯುವುದಿಲ್ಲ,
ಅದಕ್ಕೇ ಈ ಬಿಡಿ ಹಾಳೆ.

ನಾನು ಬಂದ ವರ್ಷ
ಮೂಲೆಯ ಆ ಕೋಣೆ ಕಂಡದ್ದು ಬರಿಯ ಅಳತೆಯಾಗಿ:
ಇಪ್ಪತ್ತು ಅಡಿಗೆ ಹದಿನಾರು.
ಹತ್ತನೆಯವರ ವಿಶೇಷ ತರಗತಿಗೆ, ಲಸಿಕೆಯ ನರ್ಸಮ್ಮನಿಗೆ,
ಯಾರು ಕೇಳಿದರೂ ಅದನ್ನೇ ಕೊಟ್ಟೆ.
ಪುಸ್ತಕಗಳು ಅಕ್ಕಿಯ ಪಕ್ಕಕ್ಕೆ ಸರಿದವು.
ವಾರಕ್ಕೊಂದು ಓದುವ ಪಿರಿಯಡ್ ಇತ್ತು,
ಗಣಿತ ಅದನ್ನು ತಿಂದಿತು. ತಿನ್ನಿಸಿದ್ದು ನಾನು.
ಫಲಿತಾಂಶ ಶೇಕಡಾ ಮೂರು ಏರಿತು.
ಮಡಿಕೇರಿಯಲ್ಲಿ ಶಾಲು ಹೊದಿಸಿದರು.

ದೇಚಮ್ಮ ಟೀಚರ್ ಜಗಳ ಮಾಡಲಿಲ್ಲ.
ಹಿಂದಿ ಪಾಠ ಅವರ ಕೆಲಸ; ಗ್ರಂಥಾಲಯ
'ಹೆಚ್ಚುವರಿ ಪ್ರಭಾರ', ಸಂಬಳವಿಲ್ಲದ್ದಕ್ಕೆ ನಾವಿಡುವ ಹೆಸರು.
ಸಂಜೆ ಇಲ್ಲಿ ಮಕ್ಕಳನ್ನು ನಿಲ್ಲಿಸಿಕೊಳ್ಳುವಂತಿಲ್ಲ,
ಮಾಲ್ದಾರೆ ಕಡೆ ಆನೆ ಇಳಿದಿದೆ ಅಂತ ಫೋನ್ ಬಂದರೆ
ಮೂರೂವರೆಗೇ ಗಂಟೆ.
ಹಾಗಾಗಿ ಅವರು ಬೆಳಿಗ್ಗೆಯನ್ನು ಹಿಡಿದರು.
ಮೊದಲ ಬಸ್ಸಿಗೆ ಬಂದು, ಮೂಟೆಯ ಮೇಲೆ ರಿಜಿಸ್ಟರ್ ಇಟ್ಟು
ಒಂದೊಂದೇ ಹೆಸರು ಬರೆದು ಪುಸ್ತಕ ಕೊಡುತ್ತಿದ್ದರು.
ಸಾಲು ಕರಗದಿದ್ದರೆ ಪ್ರಾರ್ಥನೆಗೆ ತಡ.
ತಡಕ್ಕೆ ನಾನು ಕೆಂಪು ಶಾಯಿ ಹಾಕಿದೆ.
ನೋಡಿ, ಹಾಜರಿ ಪುಸ್ತಕದಲ್ಲಿದೆ,
ಒಂದೇ ಜುಲೈಯಲ್ಲಿ ಒಂಬತ್ತು ಸಲ.
ನನ್ನದೇ ಕೈಬರಹ. ಒರೆಸಲು ಬರುವುದಿಲ್ಲ.

ಡಿಸೆಂಬರಿನ ಒಂದು ದಿನ ಅರ್ಧ ಶಾಲೆ ಇಲ್ಲ.
ಕಾಫಿ ಕುಯ್ಲಿಗೆ ಹೋಗಿರಬೇಕೆಂದು ಬೈಯಲು ಹೊರಟೆ,
ರಸ್ತೆಯಾಚೆ, ತೋಟದ ಕಣಕ್ಕೆ.
ಕಣದ ಅರ್ಧ ಕಾಫಿ ಹಣ್ಣು,
ಇನ್ನರ್ಧ ಪುಸ್ತಕ.
ಐದು ತಿಂಗಳ ಮಳೆ ಕುಡಿದು ಬೂಸ್ಟು ಹಿಡಿದವು
ಬೋರಲಾಗಿ, ಅಂಗಾತವಾಗಿ ಬಿಸಿಲು ಕಾಯಿಸುತ್ತಿದ್ದವು.
ಆ ಕಡೆ ಆಳುಗಳು ಕಾಲಿನಿಂದ ಕಾಫಿ ಮಗುಚುತ್ತಿದ್ದರು,
ಈ ಕಡೆ ಮಕ್ಕಳು ಕೈಯಿಂದ ಹಾಳೆ.
ಮಗುಚುತ್ತ ಮಗುಚುತ್ತ ಒಬ್ಬೊಬ್ಬರೇ ಕೂತುಬಿಟ್ಟಿದ್ದರು.
ಅಸ್ಸಾಮಿನಿಂದ ಬಂದ ರಶೀದಾ, ಕನ್ನಡ ಹಿಡಿದು ಒಂದೇ ವರ್ಷ,
ಬೆರಳಿಟ್ಟು ಓದುತ್ತಿದ್ದಾಳೆ; ಕೇಳುತ್ತಿರುವವನು
ಲೈನ್‌ಮನೆಯ ಮುತ್ತ,
ನನ್ನ ಪಾಠದಲ್ಲಿ ಮೂರು ವರ್ಷ ಬಾಯಿ ಬಿಡದವನು.
'ಹುಲಿ ಅಲ್ಲ ಕಣೇ, ಹುಳಿ' ಎಂದ.
ಸಾರಿನಿಂದ ಎದ್ದ ಹುಲಿಗೆ ಇಬ್ಬರೂ ಬಿದ್ದು ನಕ್ಕರು.

ಬೈಗುಳ ಬಾಯಲ್ಲೇ ಆರಿತು.
ಟೀಚರ್ ತಲೆಯೆತ್ತಿ ಅಂದದ್ದು ಇಷ್ಟೇ:
'ಸಾರ್, ನಿಮ್ಮ ಕಾಲಬುಡದ ಸಾಲು ಇನ್ನೂ ಮಗುಚಿಲ್ಲ.'
ಚಪ್ಪಲಿ ಬಿಚ್ಚಿದೆ.

ಆಮೇಲೆ ಕೋಣೆ ವಾಪಸು ಕೊಟ್ಟೆ. ಅದು ಸುಲಭ.
ಪಿರಿಯಡ್ ಬಿಡಿಸಿಕೊಳ್ಳುವುದು ಕಷ್ಟವಾಯಿತು,
ಗಣಿತದ ಮೇಷ್ಟ್ರು ಯುಗಾದಿವರೆಗೆ ಮಾತು ಬಿಟ್ಟರು.
ತಪಾಸಣೆಗೆ ಬಂದವರು 'ಇದರಿಂದ ಏನು ಏರಿದೆ?' ಎಂದರು.
ನನ್ನಲ್ಲಿ ಅಂಕಿ ಇರಲಿಲ್ಲ, ಈಗಲೂ ಇಲ್ಲ.
ಹುಳಿಯ ಕತೆ ಹೇಳಲು ಹೋದೆ,
ಅವರು ಗಡಿಯಾರ ನೋಡಿದರು.

ಮತ್ತೆ ಪಟ್ಟಿಗೆ ಬರೋಣ.
ಇರುವುದು ಸಾವಿರದ ಮುನ್ನೂರ ಎಂಬತ್ತೊಂಬತ್ತು.
ಹದಿನೇಳು ಇಲ್ಲ.
ಟೀಚರ್ ಕೈಯಿಂದ ವಸೂಲು ಮಾಡಿ ಎಂದು ಆಡಿಟ್ ಬರೆದಿದೆ,
ಆ ಕಾಗದಕ್ಕೆ ನಾನು ಉತ್ತರ ಕೊಟ್ಟಿಲ್ಲ, ನೀವೂ ಕೊಡಬೇಡಿ.
ಹಣ ಕಟ್ಟಲೇಬೇಕೆಂದರೆ ನನ್ನ ಪೆನ್ಷನ್ ನಂಬರ್ ಹಿಂಬದಿಯಲ್ಲಿದೆ.
ಕೀಲಿ ಕೇಳಬೇಡಿ. ಆ ಬಾಗಿಲಿಗೆ
ನಾಲ್ಕು ವರ್ಷದಿಂದ ಬೀಗ ಹಾಕಿಲ್ಲ.

ಇನ್ನೊಂದು.
ನವೆಂಬರ್ ಕೊನೆಗೇ ಕಣದವರಿಗೆ ಒಂದು ಮಾತು ಹೇಳಿಡಿ,
ಕುಯ್ಲು ಬಿರುಸಾದರೆ ಜಾಗ ಸಿಗುವುದಿಲ್ಲ.
ಹರವಲು ಆಳು ಕಡಿಮೆ ಬಿದ್ದರೆ
ನಾನು ಶನಿವಾರಸಂತೆಯಲ್ಲಿರುತ್ತೇನೆ.
ಎರಡು ಬಸ್ಸು ಬದಲಿಸಬೇಕು,
ಬರುತ್ತೇನೆ.