ಕೊನೆಯ ಗೆರೆಯ ಕೆಳಗೆ

ಶಿಂಚು. ರಾತ್ರಿ ಎರಡೂವರೆ.
ಹೊರಗೆ ಗಾಳಿ, ಈ ಊರಲ್ಲಿ ಅದೊಂದೇ ಪುಕ್ಕಟೆ.
ಪ್ರಯೋಗಶಾಲೆಯಲ್ಲಿ ಫಾಂಗ್-ಯೂ
ಪರದೆಯ ತಳದಲ್ಲಿ ಮಿನುಗುವ
ಒಂದೇ ಒಂದು ಹಸಿರು ಗೆರೆಯನ್ನು ನೋಡುತ್ತಿದ್ದಾಳೆ.
ಹನ್ನೊಂದು ದಿನದಿಂದ.

ಮೇಲೆಲ್ಲ ಸರಿಯಿದೆ.
ಅಡಿಯಲ್ಲಿ ವಿಡಿಯೊ: ಕಡಲು, ಒಂದು ದೋಣಿ.
ಅದರ ಮೇಲೆ ಅಕ್ಷರಗಳ ಪದರ,
ಹಿಂದಿನ ನೀರು ಅರೆಬರೆ ಕಾಣುವ ಹಾಗೆ.
ಎಲ್ಲಕ್ಕೂ ಮೇಲೆ ಮೌಸಿನ ಬಾಣ,
ಕರೆಯದೆ ಮದುವೆಗೆ ಬಂದವನಂತೆ
ಎಲ್ಲರ ಮುಂದೆ ಸುಳಿದಾಡುತ್ತ.
ಚಿಪ್ ಇವನ್ನು ಎಲ್ಲೂ ಕೂಡಿಸಿ ಇಡುವುದಿಲ್ಲ.
ಗೆರೆ ಹೊರಟ ಗಳಿಗೆಯಲ್ಲೇ ಬೆರೆಸುತ್ತದೆ,
ಬೆರೆಸಿದ್ದನ್ನು ಗಾಜಿಗೆ ಕೊಟ್ಟು ಮರೆಯುತ್ತದೆ.

ಚಿಕ್ಕ ಕಡಲನ್ನು ದೊಡ್ಡದು ಮಾಡಬೇಕು.
ಹಿಗ್ಗಿಸುವ ಮೂಲೆಗೆ ಇರುವ ನೆನಪು ನಾಲ್ಕೇ ಗೆರೆ;
ಐದನೆಯದು ಬಂದರೆ ಮೊದಲನೆಯದಕ್ಕೆ ಎಳ್ಳುನೀರು.
ಮೇಲಿನೆರಡು, ಕೆಳಗಿನೆರಡು,
ನಡುವಿನವಕ್ಕೆ ಹೆಚ್ಚು ತೂಕ,
ತುದಿಯವಕ್ಕೆ ಸೊನ್ನೆಗಿಂತ ಚೂರು ಕಡಿಮೆ,
ಕೂಡಿಸಿ, ಇಲ್ಲದ ಗೆರೆಯೊಂದನ್ನು ಹೆರುತ್ತದೆ.
ದೋಣಿ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತೇ ಇಲ್ಲ.

ತೈನಾನಿನಲ್ಲಿ ಅಪ್ಪನೂ ಹೀಗೇ.
ಅಂಗೈಯಗಲದ ಫೋಟೋ ಮೇಲೆ ಪೆನ್ಸಿಲ್ ಚೌಕ,
ಚಿತ್ರಮಂದಿರದ ಹಲಗೆ ಮೇಲೆ ಸುಣ್ಣದ ದಾರ ಮೀಟಿದ ಚೌಕ.
ಬಿದಿರಿನ ಅಟ್ಟಣೆಯಲ್ಲಿ
ಮೂಗಿನ ಮುಂದಿನ ನಾಲ್ಕು ಚೌಕ ಬಿಟ್ಟು ಬೇರೇನೂ ಕಾಣದೆ
ನಾಯಕಿಯ ಕೆನ್ನೆ ಬಳಿದವನು.
ರಸ್ತೆಯಾಚೆ ನಿಂತು ಇವಳು ಕೂಗಬೇಕು:
“ಅಪ್ಪಾ, ಎಡಗಣ್ಣು ಅಳ್ತಿದೆ, ಬಲಗಣ್ಣು ನಗ್ತಿದೆ!”

ಅಂಚಿಗೆ ಬಂದರೂ ಕುಂಚ ನಿಲ್ಲುತ್ತಿರಲಿಲ್ಲ.
ಅದೇ ಬಣ್ಣವನ್ನು ಹಲಗೆಯ ದಪ್ಪಕ್ಕೂ ಎಳೆಯುತ್ತಿದ್ದ,
ಯಾರೂ ನೋಡದ ಕಡೆಗೆ.
“ಮುಂದೇನಿದೆಯೋ ಗೊತ್ತಿಲ್ಲದಾಗ
ಇದ್ದದ್ದನ್ನೇ ಇನ್ನಷ್ಟು ಎಳಿ.
ಖಾಲಿ ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತೆ.”

ಡಬ್ಬಿಯ ಕಾಫಿ ಆರಿದೆ. ಫಾಂಗ್-ಯೂ ಅದನ್ನು ಕೆಳಗಿಟ್ಟಳು.

ಕೊನೆಯ ಗೆರೆಗೆ ಕೆಳಗಿನವರಿಲ್ಲ.
ಚಿಪ್ ಮಾತ್ರ ಇದ್ದಾರೆಂದುಕೊಂಡು
ಕೈಚಾಚಿ ಸೊನ್ನೆಯನ್ನು ತರುತ್ತಿದೆ.
ಬೆಳಕನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬರೆದಿಡುವ
ಈ ವಿಡಿಯೊದ ಲೆಕ್ಕದಲ್ಲಿ
ಸೊನ್ನೆ ಎಂದರೆ ಕಪ್ಪಲ್ಲ.
ಹಸಿರು.

ಒಂದು ಬಿಟ್ ಬದಲಿಸಿದಳು: ಅಂಚಿನಲ್ಲಿ ಕೊನೆಯದನ್ನೇ ಮತ್ತೆ ಓದು.
ಹೇಳಿದೊಡನೆ ಕೇಳುವ ಜಾತಿಯಲ್ಲ ಅದು;
ಒಂದು ಚಿತ್ರ ಮುಗಿದು ಇನ್ನೊಂದು ತೊಡಗುವ ನಡುವಿನ
ಚಿಟಿಕೆ ಕತ್ತಲಲ್ಲಷ್ಟೇ
ಹೊಸ ಮಾತು ಒಳಗಿಳಿಯುತ್ತದೆ.

ಇಳಿಯಿತು.
ದೋಣಿಯ ಕೆಳಗೆ ಕಡಲು, ಅದರ ಕೆಳಗೂ ಕಡಲು.

ಬೆನ್ನು ಬಾಗಿಲಿಗೆ ತಾಗುವ ತನಕ
ಹಿಂದೆ ಹಿಂದೆ ನಡೆದು ನೋಡಿದಳು.
ಕೂಗಲು ಏನೂ ಇರಲಿಲ್ಲ.