ನೀರು ನಿಂತ ರಾತ್ರಿಯ ಲಾಂಡ್ರಿ ಕೋಣೆ

ಪೂರ್ವ ಕೇಪಿನ ಈ ಪುಟ್ಟ ಊರಿಗೆ ಮತ್ತೆ ನೀರಿಲ್ಲ,
ಇವತ್ತಿಗೆ ನಾಲ್ಕನೆಯ ದಿನ.
ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಆರು ಯಂತ್ರ
ಬಾಯಿ ತೆರೆದುಕೊಂಡು ಕೂತಿವೆ.
ಏಳನೆಯದು ಯಾರದೋ ಬಟ್ಟೆಯನ್ನು ಅರ್ಧ ಅಗಿದು
ಸೋಪಿನ ಸಮೇತ ಸುಮ್ಮನಾಗಿದೆ.

ಗುರುವಾರ ನನ್ನ ಪಾಳಿ, ಜಿಮ್ಕಿತಾಳದ್ದೂ.
ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಕೆಂಪು ರುಯಿಬೋಸ್ ಚಹಾ,
ಗೋಡೆಗೊಂದು ಕಾಗದ: ಕೇಳುತ್ತೇವೆ. ಹತ್ತರಿಂದ ಎರಡು.
ಕೌನ್ಸೆಲರ್ ಬಾಗಿಲಿಗೆ ಏಳು ವಾರದ ಸರದಿ,
ಅಲ್ಲಿ ನಿಂತವರನ್ನು ಊರೆಲ್ಲ ನೋಡುತ್ತದೆ.
ಇಲ್ಲಿಗಾದರೆ ಬಕೆಟ್ಟು ಹಿಡಿದು ಬಂದರಾಯಿತು.

ನಮಗೆ ಕಲಿಸಿದ್ದು ಮೂರೇ ದಿನ.
ಬುದ್ಧಿ ಹೇಳಬೇಡಿ. ಗಡಿಯಾರ ನೋಡಬೇಡಿ.
ಅಳುವವರ ಕೈಗೆ ತಕ್ಷಣ ಕರವಸ್ತ್ರ ತುರುಕಬೇಡಿ,
ಅದು ಸಾಕು ನಿಲ್ಲಿಸು ಎಂದಂತೆ.
ಜೀವಕ್ಕೇ ಅಪಾಯ ಅನ್ನಿಸಿದರೆ ಈ ನಂಬರು, ಆಗಿಂದಾಗಲೇ,
ಒಬ್ಬರೇ ಹೊರಬೇಡಿ.
ಇಷ್ಟು ಸಾಲದೆಂದು ಮೊದಲ ರಾತ್ರಿಯೇ ಗೊತ್ತಾಯಿತು.
ಆದರೂ ಬರುತ್ತಿದ್ದೇವೆ.

ಹನ್ನೊಂದೂವರೆಗೆ ಅವನು ಬಂದ.
ಹೆಸರು ಹೇಳುವುದಿಲ್ಲ; ಹೆಸರನ್ನು ಇಲ್ಲಿ
ಒದ್ದೆ ಛತ್ರಿಯ ಹಾಗೆ ಹೊರಗಿಟ್ಟು ಬರುತ್ತಾರೆ.
ಕೈಯಲ್ಲಿ ಒಂದು ಜೊತೆ ಕಾಲುಚೀಲ, ಅಷ್ಟೇ.
ನೀರಿಲ್ಲ, ಎಂದಳು ಜಿಮ್ಕಿತಾ.
ಗೊತ್ತು, ಎಂದ. ಕೂತ.

ಅರ್ಧ ಗಂಟೆ ಕಾಲುಚೀಲದ ಮಾತೇ.
ಲುಸಿಕಿಸಿಕಿಯ ಅಜ್ಜಿ ಹೆಣೆದದ್ದಂತೆ,
ನೂಲುಂಡೆ ಮುಗಿದು ಒಂದರ ತುದಿ ನೀಲಿ, ಇನ್ನೊಂದರದು ಬೂದಿ.
ಒಣಗಿಸಲು ಲೈಬ್ರರಿಯ ಹೀಟರೇ ವಾಸಿಯಂತೆ,
ಎರಡನೆಯ ಮಹಡಿ, ಭೂಗರ್ಭಶಾಸ್ತ್ರದ ಕಪಾಟಿನ ಹಿಂದೆ.
ಕಾವಲುಗಾರ ನಾಲ್ಕಕ್ಕೊಂದು ಸುತ್ತು ಬರುತ್ತಾನೆ,
ಒಳ್ಳೆಯವನು, ಕೆಮ್ಮಿಕೊಂಡು ಬರುತ್ತಾನೆ,
ಎಚ್ಚರವಾಗಲಿ ಅಂತ.

ಫೆಬ್ರವರಿಯಿಂದ. ಈಗ ಜೂನ್, ಹೊರಗೆ ಹುಲ್ಲಿನ ಮೇಲೆ ಹಿಮ.

ನಮ್ಮ ಫಾರಮಿನಲ್ಲಿ ಒಂದು ಪ್ರಶ್ನೆಯಿದೆ:
ನಿಮ್ಮ ದುಃಖ, ಹತ್ತರಲ್ಲಿ ಎಷ್ಟು?
ಅವನು ಅಂಕಿ ಬರೆಯಲಿಲ್ಲ.
ಬರೆದ: ಹಾಸಿಗೆ.

ಶಿಷ್ಯವೇತನದ ಕಿಟಕಿಯಲ್ಲಿ ಹೇಳಿ ಕಳಿಸಿದ್ದರಂತೆ,
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ತಮ್ಮಾ.
ಹಾಸಿಗೆಯೇ ಇಲ್ಲದವನು ಎಷ್ಟು ಚಾಚಬೇಕು?
ಸಿಟ್ಟಿನಿಂದ ಕೇಳಲಿಲ್ಲ. ಗಣಿತದ ಹುಡುಗ,
ಉತ್ತರ ಸೊನ್ನೆಯೋ ಅನಂತವೋ
ನಿಜವಾಗಿಯೂ ಯೋಚಿಸುತ್ತಿದ್ದ.

ಬುದ್ಧಿ ಹೇಳಬೇಡಿ ಎಂದಿದ್ದರು. ಹೇಳಲಿಲ್ಲ.
ಹೇಳಬೇಕಾದದ್ದು ಅವನಿಗಲ್ಲವಲ್ಲ.

ಶನಿವಾರ ಹಳೆಯ ಫಾರಮುಗಳ ಡಬ್ಬಿ ಬಗ್ಗಿಸಿದೆವು.
ನಿದ್ದೆ ಬರುತ್ತಿಲ್ಲ ಎಂದ ಹತ್ತೊಂಬತ್ತು ಮಂದಿಯಲ್ಲಿ
ಎಂಟು ಮಂದಿಗೆ ಮಲಗುವ ಜಾಗವೇ ಇರಲಿಲ್ಲ.
ನಾವು ಉಸಿರಾಟದ ವ್ಯಾಯಾಮದ ಚೀಟಿ ಕೊಟ್ಟು ಕಳಿಸಿದ್ದೆವು.
ಉಳಿದ ಚೀಟಿಗಳ ಕಟ್ಟನ್ನು ಜಿಮ್ಕಿತಾ
ಬಹಳ ಹೊತ್ತು ಕೆಳಗಿಡಲಿಲ್ಲ.

ಸೆನೆಟ್ ಸಭೆಯಲ್ಲಿ ನಮಗೆ ಆರು ನಿಮಿಷ,
ಪಾರ್ಕಿಂಗಿಗೂ ಊಟಕ್ಕೂ ನಡುವೆ.
ಹೆಸರುಗಳಿವೆಯೇ? ಎಂದರು ಕನ್ನಡಕದವರು.
ಇಲ್ಲ, ಎಂದೆ.
ಹೆಸರಿಲ್ಲದೆ ನಂಬುವುದು ಹೇಗೆ?
ಜಿಮ್ಕಿತಾ ಎದ್ದಳು:
ಬೆಳಗಿನ ಜಾವ ನಾಲ್ಕಕ್ಕೆ ಲೈಬ್ರರಿಗೆ ಬನ್ನಿ, ಸರ್.
ಕೆಮ್ಮಿಕೊಂಡು ಬನ್ನಿ.

ಉಪಸಮಿತಿ ಆಗಿದೆ. ಅದರಲ್ಲಿ ನಮಗೂ ಒಂದು ಕುರ್ಚಿ.
ಪಾಳುಬಿದ್ದ ಹಳೆಯ ಬ್ಲಾಕಿನಲ್ಲಿ ಹನ್ನೆರಡು ಮಂಚ ಎಂಬ ಮಾತಿದೆ,
ಮಾತಿಗಿನ್ನೂ ಕಾಲು ಬಂದಿಲ್ಲ.
ನಾನು ಪ್ರತಿ ಸೋಮವಾರ ಹೋಗಿ
ಆ ಕುರ್ಚಿಯ ಮೇಲೆ ಕೂತು ಬರುತ್ತೇನೆ, ಅದೇ ಪ್ರಶ್ನೆ ಕೇಳಿ.

ಆ ಗುರುವಾರದ್ದು ಇನ್ನೊಂದಿಷ್ಟು ಉಳಿದಿದೆ.
ಎರಡಾದ ಮೇಲೆ ಗೋಡೆಯೊಳಗೆ ಕೊಳವೆ ಕೆಮ್ಮಿತು.
ಏಳನೆಯ ಯಂತ್ರ ಬೆಚ್ಚಿ ಎದ್ದು
ಯಾರದೋ ಬಟ್ಟೆಯನ್ನು ಮತ್ತೆ ತಿರುವತೊಡಗಿತು.
ನಗು ಬಂತು ಮೂವರಿಗೂ, ಕಾರಣವಿಲ್ಲದೆ.
ನಲ್ಲಿಯಲ್ಲಿ ಮೊದಲು ಮಣ್ಣಿನ ನೀರು.
ಇರಲಿ, ತಿಳಿಯಾಗಲಿ, ಎಂದ.
ಕಾದೆವು.
ಆಮೇಲೆ ತೋಳು ಮಡಚಿ
ನೀಲಿ ತುದಿಯದನ್ನು ಮೊದಲು ಒಗೆದ.